ಕೆಟ್ಟಿದ್ದು ಮಾಡ್ಯೂಲೋ, ಖಾನೆಯೋ? ಫೈರ್‌ವಾಲ್ ಚಾಸಿಯ ತಪಾಸಣೆ

ದೊಡ್ಡ ಜಾಲಗಳನ್ನು ಕಾಯುವ ಮಾಡ್ಯುಲರ್ ಫೈರ್‌ವಾಲ್ ಒಂದೇ ಯಂತ್ರವಲ್ಲ. ಚಾಸಿ ಎಂಬ ಲೋಹದ ಚೌಕಟ್ಟಿನ ಖಾನೆಗಳಲ್ಲಿ ಹಲವು ಮಾಡ್ಯೂಲ್‌ಗಳು ಕೂತಿರುತ್ತವೆ. ಬ್ಯಾಕ್‌ಪ್ಲೇನ್ ಎಂಬ ಹಲಗೆ ಅವುಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಫೋರ್ಟಿಗೇಟ್ 7060ಇ ಮಾದರಿಯಲ್ಲಿ 6 ಖಾನೆಗಳಿವೆ. ಎರಡರಲ್ಲಿ ಹೊರಗಿನ ಕೇಬಲ್‌ಗಳು ಬಂದು ಸೇರುವ ಇಂಟರ್‌ಫೇಸ್ ಮಾಡ್ಯೂಲ್, ಉಳಿದ ನಾಲ್ಕರಲ್ಲಿ ದತ್ತಾಂಶವನ್ನು ಸೋಸುವ ಪ್ರೊಸೆಸರ್ ಮಾಡ್ಯೂಲ್. ಸಿಸ್ಕೊ ಫೈರ್‌ಪವರ್ 9300ರಲ್ಲಿ ಗರಿಷ್ಠ 3 ಭದ್ರತಾ ಮಾಡ್ಯೂಲ್‌ಗಳಿಗೆ ಜಾಗವಿದೆ.

ಇಂಥ ಯಂತ್ರಕ್ಕೆ ಬೆಳಗಾವಿ ಭಾಗದ ಹವೆ ಸುಲಭದ್ದಲ್ಲ. ಖಾನಾಪುರ ರಸ್ತೆಯಲ್ಲಿ ಪೀರನವಾಡಿಯ ಒಂದು ಕಡೆ ಉದ್ಯಮಬಾಗದ ಫೌಂಡ್ರಿಗಳು, ಇನ್ನೊಂದು ಕಡೆ ಮಚ್ಛೆಯ ಬಳಿ 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. ಫೌಂಡ್ರಿಗಳ ಸುತ್ತಿನ ಸಣ್ಣ ದೂಳು, ಮಳೆಗಾಲದ ತೇವ, ಸಿಡಿಲು, ಕರೆಂಟಿನ ಏರಿಳಿತ ಇವೆಲ್ಲ ಯಾವುದೇ ಸರ್ವರ್ ಕೋಣೆಗೂ ಶತ್ರುಗಳೇ. ಪರೀಕ್ಷೆ, ಪ್ರವೇಶ, ಫಲಿತಾಂಶ ಎಲ್ಲವೂ ಜಾಲದ ಮೂಲಕ ನಡೆಯುವ ಈ ಕಾಲದಲ್ಲಿ ಫೈರ್‌ವಾಲ್ ಕೆಟ್ಟರೆ ಕೆಲಸವೇ ನಿಲ್ಲುತ್ತದೆ.

ತಪಾಸಣೆ ಶುರುವಾಗುವುದು ಕಣ್ಣಿನಿಂದ: ಮಾಡ್ಯೂಲ್‌ಗಳ ದೀಪದ ಬಣ್ಣ, ಫ್ಯಾನಿನ ಸದ್ದು, ಜಾಲರಿಗೆ ಮೆತ್ತಿದ ದೂಳು. ಚಾಸಿಯ ನಿರ್ವಹಣಾ ಘಟಕವು ಉಷ್ಣತೆ, ವೋಲ್ಟೇಜು, ಫ್ಯಾನಿನ ವೇಗವನ್ನು ಸದಾ ಅಳೆಯುತ್ತಿರುತ್ತದೆ. ಆ ಅಂಕಿಗಳನ್ನೂ ಲಾಗನ್ನೂ ಓದಲು ಯಂತ್ರ ನಿಲ್ಲಿಸಬೇಕಿಲ್ಲ.

ಮುಂದಿನ ಹಂತವೇ ನಿಜವಾದ ಪತ್ತೇದಾರಿ. ಒಂದು ಪ್ರೊಸೆಸರ್ ಮಾಡ್ಯೂಲ್ ಪದೇ ಪದೇ ರೀಸ್ಟಾರ್ಟ್ ಆಗುತ್ತಿದ್ದರೆ ಅದನ್ನು ಬೇರೆ ಖಾನೆಯಲ್ಲಿರುವ ಅದೇ ಬಗೆಯ ಮಾಡ್ಯೂಲಿನೊಂದಿಗೆ ಅದಲುಬದಲು ಮಾಡಿ ನೋಡಬೇಕು. ತೊಂದರೆ ಮಾಡ್ಯೂಲಿನ ಜೊತೆಗೇ ಹೋದರೆ ದೋಷ ಬಹುಪಾಲು ಅದರದ್ದೇ. ಹಳೆಯ ಖಾನೆಯಲ್ಲೇ ಉಳಿದರೆ ಸಂಶಯ ಬ್ಯಾಕ್‌ಪ್ಲೇನ್ ಮೇಲೆ. ಎರಡೂ ಖಾನೆಗಳಲ್ಲಿ ತೊಂದರೆ ಮತ್ತೆ ಕಾಣದಿದ್ದರೆ ಮಾಡ್ಯೂಲ್ ಮೊದಲು ಸರಿಯಾಗಿ ಕೂತಿರಲಿಲ್ಲ ಎಂದೂ ಇರಬಹುದು. ಈ ಒಂದು ಪ್ರಯೋಗ ಮಾಡದೆ ಹೊಸ ಮಾಡ್ಯೂಲ್ ತರಿಸುವುದು ದುಬಾರಿ ಅವಸರ. ಮಾಡ್ಯೂಲ್ ಮುಟ್ಟುವ ಮೊದಲು ಸ್ಥಾಯೀ ವಿದ್ಯುತ್ ತಡೆಯುವ ಮಣಿಕಟ್ಟಿನ ಪಟ್ಟಿ ಕಟ್ಟಿಕೊಳ್ಳಲೇಬೇಕು. ಕೈಗೆ ಅರಿವಾಗದ ಕಿಡಿಯೂ ಚಿಪ್ಪನ್ನು ಕೊಲ್ಲಬಲ್ಲದು.

ಆಳದ ಪರೀಕ್ಷೆಗೆ ಯಂತ್ರವನ್ನು ಸೇವೆಯಿಂದ ಹೊರಗೆ ತೆಗೆಯಬೇಕು. ಜೋಡಿ ಯಂತ್ರವಿದ್ದರೆ ಭಾರವನ್ನು ಅದಕ್ಕೆ ವರ್ಗಾಯಿಸಿ, ಕಾನ್ಫಿಗರೇಶನ್ ನಕಲು ಇಟ್ಟುಕೊಂಡು, ಕನ್ಸೋಲ್ ಕೇಬಲಿನಿಂದ ಲ್ಯಾಪ್‌ಟಾಪ್ ಜೋಡಿಸಿ ಪರೀಕ್ಷೆ ಓಡಿಸುತ್ತಾರೆ. ಕೆಲವು ಮಾದರಿಗಳಿಗೆ ಕಂಪನಿ ಪ್ರತ್ಯೇಕ ಪರೀಕ್ಷಾ ತಂತ್ರಾಂಶ ಕೊಡುತ್ತದೆ. ಕೆಲವಕ್ಕೆ ಅದು ಒಳಗೇ ಇರುತ್ತದೆ. ಪ್ರೊಸೆಸರ್, ಮೆಮೊರಿ, ಡಿಸ್ಕ್ ಒಂದೊಂದಾಗಿ ಪರೀಕ್ಷೆಗೆ ಒಳಗಾಗುತ್ತವೆ. ಪೋರ್ಟ್‌ಗಳ ಸರದಿಯಲ್ಲಿ ಅವುಗಳ ನಡುವೆ ಲೂಪ್‌ಬ್ಯಾಕ್ ಕೇಬಲ್ ಹಾಕಿರಬೇಕು. ಕೇಬಲ್ ಮರೆತರೆ ಒಳ್ಳೆಯ ಪೋರ್ಟೂ ಕೆಟ್ಟಿದೆಯೆಂದೇ ವರದಿ ಬರುತ್ತದೆ.

ಬಿಸಿಯೇರಿದಾಗ ಮಾತ್ರ ಕಾಣಿಸುವ ದೋಷ ತಣ್ಣಗಿರುವ ಯಂತ್ರದಲ್ಲಿ ಸಿಗದು. ಹಾಗಾಗಿ ಒಮ್ಮೆ ಪಾಸಾಯಿತೆಂದು ಬಿಡದೆ, ಕೆಲಸದ ಹೊರೆಯಿರುವಾಗಿನ ಉಷ್ಣತೆಯ ದಾಖಲೆಯ ಜೊತೆ ಹೋಲಿಸಬೇಕು. ಪರೀಕ್ಷೆಯ ಪೂರ್ತಿ ವರದಿಯನ್ನು ಮಾಡ್ಯೂಲಿನ ಸೀರಿಯಲ್ ನಂಬರಿನೊಂದಿಗೆ ಉಳಿಸಿಡಿ: ವಾರಂಟಿಯಲ್ಲಿ ಬದಲಿ ಕೇಳಿದಾಗ ಕಂಪನಿ ಮೊದಲು ಕೇಳುವ ವಿವರಗಳಲ್ಲಿ ಇವೂ ಸೇರಿವೆ.