ನಿಮಗಿದು ಗೊತ್ತೆ? ಹೆಸರಿಗಿಂತ ಮೊದಲೇ ಅಳಿವಿನಂಚಿಗೆ ಬಂದ ಮೀನು

1946ರಲ್ಲಿ ಕಬಿನಿಯಲ್ಲಿ ಒಬ್ಬರ ಗಾಳಕ್ಕೆ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಮೀನು ಸಿಕ್ಕಿತು. ಹಿಡಿದವರು ಡಿ ವೆಟ್ ವ್ಯಾನ್ ಇಂಗೆನ್. ಸತ್ತ ಹುಲಿ, ಚಿರತೆಗಳಿಗೆ ಜೀವಂತ ಕಳೆ ಕೊಡುತ್ತಿದ್ದ ಮೈಸೂರಿನ ಹೆಸರಾಂತ ಮನೆತನದವರು.

ಬೆನ್ನು ಗೂನಾದ ಈ ಮಹಶೀರ್ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಒಂದೂವರೆ ಶತಮಾನದಿಂದ ಗಾಳಗಾರರಿಗೆ ಪರಿಚಿತವಾಗಿದ್ದರೂ ವಿಜ್ಞಾನಿಗಳು ಇದನ್ನು ‘ಟಾರ್ ರೆಮಾದೇವಿ’ ಎಂದು ಗುರುತಿಸಿದ್ದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಕೆಂಪು ಪಟ್ಟಿಗೂ ಸೇರಿತು. ನಾಮಕರಣದ ದಿನವೇ ಕೊನೆಯುಸಿರು ಎಣಿಸಿದಂತೆ!

ಅಣೆಕಟ್ಟು, ಮರಳು ದಂಧೆ, ಕೊಳಕು ನೀರು, ತೋಟೆ ಸಿಡಿಸಿ ಮೀನು ಹಿಡಿಯುವ ಚಾಳಿ ಇವೆಲ್ಲ ಇದಕ್ಕೆ ಮುಳುವಾದವು. ತೋಟೆ ಸಿಡಿದರೆ ದೊಡ್ಡದು, ಮರಿ ಎಂಬ ಭೇದವಿಲ್ಲ. ವಿಚಿತ್ರವೆಂದರೆ, ಮಹಶೀರ್ ಉಳಿಸುವ ಸದುದ್ದೇಶವೂ ಪೆಟ್ಟು ಕೊಟ್ಟಿದೆ. ಸಾಕಣೆ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಟ್ಟರು. ಅತಿಥಿ ಹೆಚ್ಚಿತು, ಮನೆಯೊಡೆಯ ಮೂಲೆಗುಂಪಾದ.

ಇನ್ನೊಂದೆಡೆ, ದೇವರ ಹೆಸರಲ್ಲಿ ಮೀನು ಕಾಯುವ ಮಡುಗಳೂ ನಮ್ಮಲ್ಲಿವೆ. ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ ಭಕ್ತರು ಮಂಡಕ್ಕಿ ಹಾಕುತ್ತಾರೆ, ಹಿಡಿಯುವಂತಿಲ್ಲ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ಕಪಿಲೆಯಲ್ಲೂ ಅದೇ ಕಟ್ಟಳೆ. ಆದರೆ 1996ರಲ್ಲಿ ಅಲ್ಲಿ ಯಾರೋ ನೀರಿಗೆ ವಿಷ ಬೆರೆಸಿ ಸಾವಿರಾರು ಮೀನುಗಳನ್ನು ಕೊಂದರು. ಸತ್ತ ಮೀನುಗಳಿಗಾಗಿ ಅಲ್ಲೊಂದು ಸ್ಮಾರಕವಿದೆ.