ಮನೆ ಷೆಡ್ಡಿನಲ್ಲಿ ಗುಂಡಿ ತೋಡುವ ಮುನ್ನ

ಮನೆಯಲ್ಲೇ ಕಾರು ರಿಪೇರಿ ಮಾಡ್ಕೋಬೇಕು ಅಂತ ಆಸೆನಾ?
ಹಾಗಾದ್ರೆ ಸ್ಪ್ಯಾನರ್ ಕೊಳ್ಳೋ ಮೊದಲು
ಅಳತೆ ಟೇಪ್ ಹಿಡೀರಿ.

ಮಾರುತಿ 800 ಉದ್ದ ಸುಮಾರು 11 ಅಡಿ.
ಅಗಲ 5 ಅಡಿಗೂ ಕಡಿಮೆ.
ಆದ್ರೆ ಬಾಗಿಲು ಪೂರ್ತಿ ತೆಗೀಬೇಕು,
ಚಕ್ರದ ಪಕ್ಕ ಕೂತು ನಟ್ಟು ಬಿಚ್ಚಬೇಕು.
ಸುತ್ತ 3 ಅಡಿನಾದ್ರೂ ಬಿಡಿ.
ಕೆಲಸದ ಮೇಜು ಮುಂದಿನ ಗೋಡೆಗೆ,
ಬಾನೆಟ್ಟಿಗೆ ಹತ್ತಿರ.

ಈಗ ದೊಡ್ಡ ಪ್ರಶ್ನೆ.
ಕಾರಿನ ಕೆಳಗೆ ಇಳಿಯೋಕೆ ಗುಂಡಿ ಬೇಕಾ?
ನನ್ನ ಮಾತು ಕೇಳಿ, ಬೇಡ.
ಪೆಟ್ರೋಲಿನ ಆವಿ ಗಾಳಿಗಿಂತ ಭಾರ.
ಮಳೆನೀರು ತಗ್ಗಿಗೆ ಹರಿಯೋ ಹಾಗೆ
ಅದು ಸದ್ದಿಲ್ಲದೆ ಗುಂಡಿಗೆ ಇಳಿಯುತ್ತೆ.
ಕಣ್ಣಿಗೆ ಕಾಣಲ್ಲ, ಅಲ್ಲೇ ನಿಲ್ಲುತ್ತೆ.
ಕೈಲಿರೋ ಬಲ್ಬು ಒಡೆದು
ಒಂದು ಕಿಡಿ ಹಾರಿದ್ರೆ ಸಾಕು.
ಒಳಗಿರೋರಿಗೆ ಹತ್ತಿ ಬರೋಕೂ ಸಮಯ ಸಿಗಲ್ಲ.

ಆ ದುಡ್ಡಲ್ಲಿ ನೆಲ ಗಟ್ಟಿ ಮಾಡಿ.
ಮಟ್ಟವಾಗಿ ಕಾಂಕ್ರೀಟು ಹಾಕ್ಸಿ.
ಮಣ್ಣಿನ ನೆಲದಲ್ಲಿ ಜಾಕು ಹೂತುಹೋಗುತ್ತೆ, ವಾಲುತ್ತೆ.
ಇನ್ನೊಂದು ಮಾತು, ಜಾಕು ಇರೋದು ಎತ್ತೋಕೆ ಮಾತ್ರ.
ಭಾರ ಹೊರೋಕೆ ಜಾಕ್ ಸ್ಟ್ಯಾಂಡ್ ಇಡಿ.
ಇಟ್ಟಿಗೆ ಬೇಡವೇ ಬೇಡ,
ಅದು ಹೇಳದೆ ಕೇಳದೆ ಒಡೆಯುತ್ತೆ.

ಎದುರುಬದುರು ಎರಡು ಕಿಟಕಿ ಇರಲಿ.
ಹೊಗೆಯಲ್ಲಿರೋ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ.
ಕಾರನ್ನ ಹೊರಗೆ ತಳ್ಳಿ,
ಆಮೇಲೆ ಇಂಜಿನ್ ಸ್ಟಾರ್ಟ್ ಮಾಡಿ.

ಬಾಗಿಲ ಪಕ್ಕ, ಕೈಗೆ ಸಿಗೋ ಹಾಗೆ,
ಬೆಂಕಿ ಆರಿಸೋ ಪುಡಿಯ ಸಿಲಿಂಡರ್.
ಪೆಟ್ರೋಲ್ ಬೆಂಕಿಗೆ ನೀರು ಹಾಕಬೇಡಿ, ಹರಡುತ್ತೆ.

ಷೆಡ್ಡು ಕಟ್ಟಿಸೋರಿದ್ದೀರಾ?
ಪಾಯ ತೆಗೆಯೋ ಮೊದಲೇ
ಈ ವಿಡಿಯೋನ ನಿಮ್ಮ ಮೇಸ್ತ್ರಿಗೆ ತೋರಿಸಿ.