ಕಾರಿನ ತಂಪು ಮತ್ತು ಅದರ ರೋಗನಿದಾನ

ಕಾರಿನ ಏರ್ ಕಂಡೀಷನರು ತಂಪನ್ನು ಹುಟ್ಟಿಸುವುದಿಲ್ಲ. ಒಳಗಿನ ಶಾಖವನ್ನು ಹೊತ್ತು ಹೊರಗೆ ಚೆಲ್ಲುತ್ತದೆ. ಈ ಒಂದು ಮಾತು ಮನಸ್ಸಿನಲ್ಲಿ ನಿಂತರೆ ಅದರ ಕಾಯಿಲೆಗಳನ್ನು ಗುರುತಿಸುವುದು ಅಷ್ಟೇನೂ ಕಷ್ಟವಲ್ಲ. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ನನ್ನ ಸೋದರಮಾವನವರು ಬಾಡಿಗೆ ಕಾರು ನಡೆಸಿ ಸಂಸಾರ ಸಾಗಿಸುವವರಾದುದರಿಂದ ಈ ವಿದ್ಯೆ ಅಷ್ಟಿಷ್ಟು ನನ್ನ ಕಿವಿಗೂ ಬಿದ್ದಿದೆ. ಬೇಸಗೆಯಲ್ಲಿ ಕಾರು ತಂಪಾಗದಿದ್ದರೆ ಅವರಿಗೆ ಗಿರಾಕಿಗಳಿಲ್ಲ.

ಕಂಪ್ರೆಸರು ಅನಿಲವನ್ನು ಒತ್ತುತ್ತದೆ. ಒತ್ತಿದ ಅನಿಲ ಕಾಯುತ್ತದೆ. ಅದು ರೇಡಿಯೇಟರಿನ ಮುಂದಿರುವ ಕಂಡೆನ್ಸರಿನಲ್ಲಿ ಶಾಖವನ್ನು ಬಿಟ್ಟು ದ್ರವವಾಗುತ್ತದೆ. ಬಳಿಕ ಕಿರಿದಾದ ಕವಾಟದಲ್ಲಿ ನುಸುಳಿ, ಒತ್ತಡ ಕಳೆದುಕೊಂಡು, ಡ್ಯಾಷ್‌ಬೋರ್ಡಿನ ಹಿಂದಿರುವ ಇವ್ಯಾಪೊರೇಟರಿನಲ್ಲಿ ಕುದಿದು ಆವಿಯಾಗುವಾಗ ಒಳಗಿನ ಗಾಳಿಯ ಶಾಖವನ್ನು ಹೀರುತ್ತದೆ. 1990ರ ದಶಕದಲ್ಲಿ ಬಳಕೆಗೆ ಬಂದ ಆರ್-134ಎ ಎಂಬ ಅನಿಲವು ಸಾಮಾನ್ಯ ವಾಯುಭಾರದಲ್ಲಿ ಸೊನ್ನೆಗಿಂತ 26 ಡಿಗ್ರಿ ಸೆಲ್ಸಿಯಸ್ ಕೆಳಗೇ ಕುದಿಯತಕ್ಕದ್ದು.

ಇನ್ನು ನಿದಾನ. ಮೊದಲು ಗಾಳಿಯನ್ನು ನೋಡಬೇಕು, ಆಮೇಲೆ ತಂಪನ್ನು. ಗಾಳಿಯೇ ಕ್ಷೀಣವಾಗಿದ್ದರೆ ಧೂಳು ತುಂಬಿದ ಫಿಲ್ಟರನ್ನೋ ಬ್ಲೋಯರನ್ನೋ ಸಂದೇಹಿಸಬಹುದು. ಮೊದಲು ತಂಪಾಗಿ ಬಂದು ಕ್ರಮೇಣ ಗಾಳಿ ಕಡಿಮೆಯಾದರೆ ಇವ್ಯಾಪೊರೇಟರಿನ ಮೇಲೆ ಹಿಮ ಕಟ್ಟಿರಬಹುದು. ಓಡುವಾಗ ತಂಪಾಗಿದ್ದು ನಿಂತಾಗ ಬಿಸಿಯಾದರೆ ಕಂಡೆನ್ಸರಿನ ಫ್ಯಾನು ತಿರುಗುತ್ತಿದೆಯೇ ಎಂದು ನೋಡತಕ್ಕದ್ದು. ಕಾರಿನ ಕೆಳಗೆ ನೀರು ತೊಟ್ಟಿಕ್ಕಿದರೆ ಗಾಬರಿ ಬೇಡ. ಅದು ಗಾಳಿಯ ತೇವವೇ. ಅದೇ ನೀರು ಕಾಲಡಿಗೆ ಬಂದರೆ ಹೊರಹೋಗುವ ಕೊಳವೆ ಕಟ್ಟಿಕೊಂಡಿರುವುದು ಸಂಭವ.

ಗಾಳಿ ಜೋರಾಗಿದ್ದೂ ತಂಪಿಲ್ಲದಿದ್ದರೆ ಕಂಪ್ರೆಸರು ಕೆಲಸ ಮಾಡುತ್ತಿದೆಯೇ, ಅನಿಲ ಸಾಕಷ್ಟಿದೆಯೇ ಎಂಬ ಪ್ರಶ್ನೆ ಏಳುತ್ತದೆ. ಇಲ್ಲಿಯೇ ಬಹಳ ಮಂದಿ ಹಣ ಕಳೆಯುವುದು. ಅನಿಲವು ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಕಡಿಮೆಯಾಗಿದ್ದರೆ ಎಲ್ಲಿಯೋ ಸೋರಿದೆ ಎಂದೇ ಅರ್ಥ. ಮಾವನವರು ಎರಡು ಬೇಸಗೆ ಬರಿದೇ ಗ್ಯಾಸು ತುಂಬಿಸಿದರು. ಮೂರನೆಯ ವರ್ಷ ಮುದುಕ ಮೆಕ್ಯಾನಿಕ್ಕರೊಬ್ಬರು ಕೊಳವೆಯ ಕೀಲೊಂದರಲ್ಲಿ ಎಣ್ಣೆಯ ಜಿಡ್ಡನ್ನು ತೋರಿಸಿದರು. ಅನಿಲದೊಡನೆ ಕಂಪ್ರೆಸರಿನ ಎಣ್ಣೆಯೂ ಸಂಚರಿಸುವುದರಿಂದ ಜಿಡ್ಡು ಕಂಡಲ್ಲಿ ಸೋರಿಕೆ. ಒಂದು ರಬ್ಬರು ಉಂಗುರ ಬದಲಾಯಿಸಿದ ಮೇಲೆ ತೊಂದರೆ ನಿಂತಿತು. ನಷ್ಟ ಮಾವನವರದಷ್ಟೇ ಅಲ್ಲ: ಸೋರಿದ ಒಂದು ಕಿಲೋ ಆರ್-134ಎ, ನೂರು ವರ್ಷಗಳ ಲೆಕ್ಕದಲ್ಲಿ, ಸಾವಿರ ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಕಾಯಿಸುತ್ತದೆ.

ಕೊಳವೆಗಳನ್ನು ನಾವೇ ಬಿಚ್ಚಲಾಗದು. ಚಿಮ್ಮುವ ದ್ರವ ಕಣ್ಣನ್ನು ಕೆಡಿಸೀತು. ಇನ್ನೊಂದು ಮಾತನ್ನು ವಾಚಕರು ಮರೆಯಬಾರದು. ತಂಪಿನ ಆಸೆಯಿಂದ ಮುಚ್ಚಿದ ಷೆಡ್ಡಿನಲ್ಲಿ ಇಂಜಿನು ಓಡಿಸಿಕೊಂಡು ಕಾರಿನೊಳಗೆ ಮಲಗಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರನ್ನು ಅದು ಎಬ್ಬಿಸುವುದಿಲ್ಲ.